ಎರಡು ಸ್ವೆಟರ್ ಹಾಕಿದರೂ ಬೈಕ್ ಮೇಲೆ ಚಳಿ ಯಾಕೆ?

ಪ್ರಶ್ನೆ: ನಾನು ಸಕಲೇಶಪುರದವನು. ದಿನಾ ಬೆಳಗಿನ ಜಾವ ಐದೂವರೆಗೆ ಮನೆ ಬಿಟ್ಟು 100 ಸಿಸಿ ಬೈಕ್‌ನಲ್ಲಿ ಹಾಸನಕ್ಕೆ ಕೆಲಸಕ್ಕೆ ಹೋಗುತ್ತೇನೆ. ದಾರಿ ಹತ್ತಿರ ಹತ್ತಿರ 40 ಕಿಲೋಮೀಟರ್. ಡಿಸೆಂಬರ್ ಬಂತೆಂದರೆ ಎರಡೆರಡು ಸ್ವೆಟರ್, ಮಂಕಿ ಕ್ಯಾಪ್, ಉಲ್ಲನ್ ಗ್ಲೌಸ್ ಎಲ್ಲಾ ಹಾಕುತ್ತೇನೆ. ಆದರೂ ಆಲೂರು ದಾಟುವ ಹೊತ್ತಿಗೆ ಎದೆ ನಡುಗುತ್ತದೆ, ಕೈಬೆರಳು ಮರಗಟ್ಟಿ ಕ್ಲಚ್ ಹಿಡಿಯುವುದೇ ಕಷ್ಟವಾಗುತ್ತದೆ. ಗಾಡಿ ರಿಪೇರಿಗೆ ಬಿಟ್ಟ ದಿನ ಇದೇ ಬಟ್ಟೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತಿದ್ದೆ, ಚಳಿಯೇ ಆಗಲಿಲ್ಲ. ಭಾನುವಾರ ಹೆಂಡತಿ ಮಗಳನ್ನು ಕೂರಿಸಿಕೊಂಡು ಮಾವನ ಮನೆಗೆ ಹೋಗುವಾಗಲೂ ಅಷ್ಟೇ, ನಾನು ನಡುಗುತ್ತಿದ್ದರೆ ಹಿಂದೆ ಕೂತವಳು ‘ಅಷ್ಟೇನೂ ಚಳಿಯಿಲ್ಲವಲ್ಲ’ ಅನ್ನುತ್ತಾಳೆ. ಇದಕ್ಕೆ ಕಾರಣ ಏನು? ಮುಂದಿನ ಜೂನ್‌ನಲ್ಲಿ ಗೆಳೆಯರ ಜೊತೆ ಮನಾಲಿಯಿಂದ ಲೇಹ್‌ಗೆ ಬೈಕ್‌ನಲ್ಲಿ ಹೋಗುವ ಆಸೆ ಬೇರೆ ಇದೆ. ಇಲ್ಲೇ ಹೀಗಾದರೆ ಅಲ್ಲಿ ಗತಿಯೇನು?

— ಒಬ್ಬ ಓದುಗ, ಸಕಲೇಶಪುರ

ಉತ್ತರ: ಬಸ್ ಸ್ಟ್ಯಾಂಡಿನಲ್ಲಿ ಚಳಿಯಾಗಲಿಲ್ಲ ಎಂದು ನೀವೇ ಬರೆದಿದ್ದೀರಿ. ಉತ್ತರದ ಮುಕ್ಕಾಲು ಪಾಲು ಅದರಲ್ಲೇ ಇದೆ. ಅದೇ ಊರು, ಅದೇ ಹೊತ್ತು, ಅದೇ ಎರಡು ಸ್ವೆಟರ್. ಬದಲಾದದ್ದು ಗಾಳಿ. ನಿಮ್ಮನ್ನು ನಡುಗಿಸುತ್ತಿರುವುದು ಸಕಲೇಶಪುರದ ಚಳಿಯಲ್ಲ, ನಿಮ್ಮ ಗಾಡಿ ಹುಟ್ಟಿಸುತ್ತಿರುವ ಗಾಳಿ. ಅದನ್ನು ತಡೆಯುವ ಕೆಲಸ ಸ್ವೆಟರಿನಿಂದ ಆಗುವುದಿಲ್ಲ. ಎರಡು ಹಾಕಿದರೂ ಆಗುವುದಿಲ್ಲ, ಮೂರು ಹಾಕಿದರೂ ಆಗುವುದಿಲ್ಲ.

ಗಂಟೆಗೆ 60 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಬೈಕ್ ಮೇಲೆ ಅದು ದೊಡ್ಡ ವೇಗ ಅನ್ನಿಸುವುದಿಲ್ಲ. ಆದರೆ ಇಷ್ಟೇ ವೇಗದಲ್ಲಿ ಗಾಳಿ ಬೀಸಿದರೆ ಊರಿನ ಮರಗಳು ಬುಡದಿಂದ ತುದಿಯವರೆಗೆ ತೂಗಾಡುತ್ತವೆ. ಸಮುದ್ರದ ಮೇಲೆ ಗಂಟೆಗೆ 45–55 ಕಿಲೋಮೀಟರ್ ಗಾಳಿ ಬೀಸುವ ಸಂಭವ ಇದ್ದರೆ ಹವಾಮಾನ ಇಲಾಖೆ ಮಂಗಳೂರು, ಮಲ್ಪೆಯ ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಎನ್ನುತ್ತದೆ. ನೀವು ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಅದಕ್ಕಿಂತ ಜೋರಾದ ಗಾಳಿಗೆ ಎದೆಯೊಡ್ಡಿ ಕೂತಿರುತ್ತೀರಿ.

ಕೂತಿರುತ್ತೀರಿ ಎಂಬುದನ್ನೂ ಗಮನಿಸಿ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವಾಟ್‌ನಷ್ಟು ಶಾಖ ಹುಟ್ಟಿಸುತ್ತದೆ. ಬಿರುಸಾಗಿ ನಡೆದರೆ ಅದರ ಮೂರು ಪಟ್ಟು. ಅದೇ ರಸ್ತೆಯಲ್ಲಿ ಸೈಕಲ್ ತುಳಿಯುತ್ತಾ ಹಾಲು ಹಾಕಲು ಹೊರಟವನು ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಿರುತ್ತಾನೆ. ಅವನಿಗೆ ಗಾಳಿ ಕಡಿಮೆ, ಒಳಗಿನ ಒಲೆ ದೊಡ್ಡದು. ನಿಮ್ಮ ಪಾಲಿನ ದುಡಿಮೆಯನ್ನೆಲ್ಲ ಎಂಜಿನ್ ಮಾಡುತ್ತದೆ. ಹಾಗಾಗಿ ನಿಮ್ಮ ಹತ್ತಿರ ಇರುವುದು ಆ 100 ವಾಟ್ ಮಾತ್ರ. ಅದನ್ನು ಉಳಿಸಿಕೊಳ್ಳುವುದರಲ್ಲಿ ಇರುವುದು ಎಲ್ಲ ಜಾಣತನ.

ಈಗ ಸ್ವೆಟರಿನ ವಿಷಯ. ಉಣ್ಣೆ ತಾನಾಗಿ ಬೆಚ್ಚಗಿರುವ ವಸ್ತುವಲ್ಲ. ಉಣ್ಣೆಯ ಎಳೆಗಳು ಗುಂಗುರು ಗುಂಗುರಾಗಿ ಹೆಣೆದುಕೊಂಡು ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಲುಗಾಡದ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಮೈಶಾಖದಿಂದ ಬಿಸಿಯಾದ ಆ ಗಾಳಿಯ ಪದರವೇ ನಿಮ್ಮ ನಿಜವಾದ ಹೊದಿಕೆ. ಬಸ್ ಸ್ಟ್ಯಾಂಡಿನಲ್ಲಿ ಅದು ಇದ್ದಲ್ಲೇ ಇತ್ತು. ಬೈಕ್ ಹೊರಟ ತಕ್ಷಣ ಎದುರುಗಾಳಿ ಹೆಣಿಗೆಯ ಕಣ್ಣುಗಳೊಳಗೆ ನುಗ್ಗಿ ಅದನ್ನು ಒದ್ದೋಡಿಸುತ್ತದೆ. ಮೈ ಮತ್ತೆ ಹೊಸ ಗಾಳಿಯನ್ನು ಬಿಸಿ ಮಾಡುತ್ತದೆ, ಅದೂ ಹೋಗುತ್ತದೆ. ಗಾಳಿ ಬಟ್ಟೆಯ ಮೇಲೆ ಹಾಕುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 40ರಲ್ಲಿ ಹೋಗುವಾಗ ಇದ್ದ ಒತ್ತಡ 80ಕ್ಕೆ ಏರಿದಾಗ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಮನೆಯಲ್ಲಿ ಅಮ್ಮ ಹೆಣೆದ ದಪ್ಪ ಸ್ವೆಟರ್ ಕೈಗೆ ಎಷ್ಟೇ ಭಾರವಾಗಿರಲಿ, ಬೆಳಕಿಗೆ ಹಿಡಿದು ನೋಡಿ, ತೂತುಗಳು ಕಾಣುತ್ತವೆ.

ನಮ್ಮ ಕುರಿಗಾಹಿಗಳಿಗೆ ಇದು ಗೊತ್ತಿತ್ತು. ಚಳ್ಳಕೆರೆಯ ಕಡೆ ನೇಯುವ ಕರಿ ಕಂಬಳಿಯನ್ನು ನೋಡಿ. ಅದೂ ಕುರಿಯ ಉಣ್ಣೆಯೇ, ಆದರೆ ಒರಟು ಡೆಕ್ಕನಿ ಉಣ್ಣೆ. ನೂಲಿಗೆ ಹುಣಸೆ ಬೀಜದ ಗಂಜಿ ತೀಡಿ, ಒತ್ತಾಗಿ ನೇಯ್ದು ಮಾಡಿದ್ದು. ಹೊಸ ಕಂಬಳಿ ಮಡಿಸಿದರೆ ಮಡಿಕೆ ನಿಲ್ಲುವಷ್ಟು ಬಿರುಸು. ಮೈಗೆ ಚುಚ್ಚುತ್ತದೆ, ನಿಜ. ಆದರೆ ಗಾಳಿ ಅದರೊಳಗೆ ಸುಲಭವಾಗಿ ತೂರುವುದಿಲ್ಲ, ಸಣ್ಣ ಮಳೆಯೂ ಇಳಿಯುವುದಿಲ್ಲ. ಮೆತ್ತಗಿನ ಸ್ವೆಟರಿಗೆ ಮನೆಯೊಳಗೆ ಮರ್ಯಾದೆ. ಬಯಲಿನಲ್ಲಿ ಗೆಲ್ಲುವುದು ಕಂಬಳಿ ಕೊಪ್ಪೆ.

ಹಾಗೆಂದು ಕಂಬಳಿ ಹೊದ್ದು ಬೈಕ್ ಓಡಿಸಿ ಎನ್ನುತ್ತಿಲ್ಲ, ಅದು ಚಕ್ರಕ್ಕೆ ಸಿಕ್ಕಿಕೊಂಡರೆ ಅನಾಹುತ. ನಿಮಗೆ ಬೇಕಾದ ವಸ್ತು ನಿಮ್ಮ ಮನೆಯಲ್ಲಿ ಈಗಾಗಲೇ ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಾಕಿ, ಒಣಗಿಸಿ, ಅಟ್ಟಕ್ಕೆ ಎಸೆದ ರೇನ್‌ಕೋಟ್. ಮಲೆನಾಡಿನವರಿಗೆ ಇದನ್ನು ಕೊಳ್ಳಿ ಎಂದು ಹೇಳಬೇಕಾಗಿಲ್ಲ. ನಾಳೆ ಬೆಳಿಗ್ಗೆ ಒಂದು ಸ್ವೆಟರ್ ಕಳಚಿಟ್ಟು, ಉಳಿದ ಒಂದರ ಮೇಲೆ ರೇನ್‌ಕೋಟ್ ಹಾಕಿ ಹೊರಡಿ. ಪ್ಯಾಂಟಿನ ಭಾಗವನ್ನೂ ಹಾಕಿ. ನೋಡಿದವರು ‘ಮಳೆ ಎಲ್ಲಿದೆ ಸ್ವಾಮಿ’ ಎಂದು ನಗಬಹುದು, ನಗಲಿ. ಮಳೆಗೆಂದು ಹೊಲಿದ ಬಟ್ಟೆ ಗಾಳಿಯನ್ನೂ ಬಿಡುವುದಿಲ್ಲ. ಒಳಗಿನ ಸ್ವೆಟರ್ ಹಿಡಿದಿಟ್ಟ ಬಿಸಿಗಾಳಿಗೆ ಆಗ ಹೊರಹೋಗಲು ದಾರಿಯೇ ಇರುವುದಿಲ್ಲ. ಅಂಗಡಿಯಲ್ಲಿ ಸಿಗುವ ಒಳ್ಳೆಯ ಜರ್ಕಿನ್ ಆದರೂ ಸರಿ, ಆದರೆ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಬಟ್ಟೆಯನ್ನು ತುಟಿಗೆ ಒತ್ತಿ ಹಿಡಿದು ಜೋರಾಗಿ ಊದಿ. ಆಚೆ ಬದಿ ಇಟ್ಟ ಅಂಗೈಗೆ ಉಸಿರು ತಾಗಿದರೆ ಆ ಜರ್ಕಿನ್ ಮದುವೆ ಮನೆಗೆ ಚೆನ್ನ, ಬೈಕಿಗಲ್ಲ.

ರೇನ್‌ಕೋಟ್ ಇಲ್ಲದ ದಿನಕ್ಕೂ ಒಂದು ಉಪಾಯ ಇದೆ: ನಾಲ್ಕೈದು ಹಾಳೆ ಹಳೇ ಪೇಪರನ್ನು ಮಡಿಸಿ, ಸ್ವೆಟರಿಗೂ ಮೇಲಿನ ಅಂಗಿಗೂ ನಡುವೆ ಎದೆಯ ಮೇಲೆ ಇಟ್ಟುಕೊಳ್ಳುವುದು. ತಮಾಷೆಯಲ್ಲ. ಫ್ರಾನ್ಸಿನ ಹೆಸರಾಂತ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಬೆಟ್ಟದ ನೆತ್ತಿ ಮುಟ್ಟಿದ ಸವಾರರು ನೋಡುಗರ ಕೈಯಿಂದ ಪೇಪರ್ ಇಸಿದುಕೊಂಡು ಜೆರ್ಸಿಯೊಳಗೆ ತುರುಕಿ ಇಳಿಜಾರಿಗೆ ಧುಮುಕುತ್ತಿದ್ದರು. ಹತ್ತುವಾಗ ಬೆವರಿದ ಎದೆಗೆ ಇಳಿಯುವಾಗಿನ ಗಾಳಿ ಬಡಿಯಬಾರದೆಂದು.

ಸಿನಿಮಾದಲ್ಲಿ ಹೀರೋಗಳು ಹಾಕುವ ಕರಿ ಚರ್ಮದ ಜಾಕೆಟ್ ಇದೆಯಲ್ಲ, ಅದು ಹುಟ್ಟಿದ್ದೂ ಇದೇ ತಲೆನೋವಿಗೆ. 1928ರಲ್ಲಿ ನ್ಯೂಯಾರ್ಕಿನ ಅರ್ವಿಂಗ್ ಶಾಟ್ ಎಂಬಾತ ಬೈಕ್ ಸವಾರರಿಗಾಗಿ ಹೊಲಿದ ‘ಪರ್ಫೆಕ್ಟೋ’ ಜಾಕೆಟಿನಲ್ಲಿ ಜಿಪ್ಪು ನಡುವೆ ಇಲ್ಲ, ಒಂದು ಪಕ್ಕಕ್ಕೆ ಓರೆಯಾಗಿದೆ. ಎದೆಯ ಮೇಲೆ ಚರ್ಮ ಎರಡು ಪದರವಾಗಿ ಒಂದರ ಮೇಲೊಂದು ಕೂರುತ್ತದೆ, ಗಾಳಿ ಒಳನುಗ್ಗಲು ಸಂದಿ ಸಿಗುವುದಿಲ್ಲ. 1953ರಲ್ಲಿ ಮಾರ್ಲನ್ ಬ್ರಾಂಡೋ ‘ದಿ ವೈಲ್ಡ್ ಒನ್’ ಚಿತ್ರದಲ್ಲಿ ಅಂಥದ್ದೊಂದನ್ನು ಹಾಕಿಕೊಂಡು ಬೈಕಿಗೆ ಒರಗಿ ನಿಂತ ಮೇಲೆ ಅದು ಪುಂಡರ ಲಾಂಛನವಾಯಿತು. ಇಂಗ್ಲೆಂಡಿನ ಬಾರ್ಬರ್ ಕಂಪನಿ 1936ರಲ್ಲಿ ಬೈಕ್ ಪಂದ್ಯದ ಸವಾರರಿಗೆಂದು ಮಾಡಿದ್ದು ಮೇಣ ತೀಡಿದ ಹತ್ತಿಬಟ್ಟೆಯ ಕೋಟು. ಚರ್ಮವಿರಲಿ, ಮೇಣವಿರಲಿ, ಹುಣಸೆ ಬೀಜದ ಗಂಜಿಯಿರಲಿ, ಎಲ್ಲರೂ ಮುಚ್ಚಲು ಹೊರಟಿದ್ದು ಅದೇ ತೂತುಗಳನ್ನು.

ಗಾಳಿಯಿಂದ ಚಳಿ ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ ಒಂದು ಲೆಕ್ಕವೂ ಉಂಟು. 1941ರ ಚಳಿಗಾಲದಲ್ಲಿ ಅಂಟಾರ್ಕ್ಟಿಕಾದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಇಬ್ಬರು ಅಮೆರಿಕನ್ನರು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ, ಕಂಬಕ್ಕೆ ಕಟ್ಟಿ, ಬೇರೆ ಬೇರೆ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ನೀರಿನ ಕೊಳವೆಗೂ ಮನುಷ್ಯನ ಮುಖಕ್ಕೂ ವ್ಯತ್ಯಾಸ ಇದೆ ತಾನೆ? ಆದ್ದರಿಂದ 2001ರಲ್ಲಿ ಅಮೆರಿಕ ಮತ್ತು ಕೆನಡಾ ಲೆಕ್ಕವನ್ನು ತಿದ್ದಿದವು. ಈ ಸಲ ಮನುಷ್ಯರನ್ನೇ ತಣ್ಣನೆಯ ಗಾಳಿಸುರಂಗದಲ್ಲಿ ನಡೆಸಿ, ಕೆನ್ನೆ ಮೂಗುಗಳಿಗೆ ಸೆನ್ಸರ್ ಅಂಟಿಸಿ ಅಳೆದರು. ಆ ಸೂತ್ರದ ಪ್ರಕಾರ ಹವೆ 10 ಡಿಗ್ರಿ ಇದ್ದು ಗಾಳಿಯ ವೇಗ 60 ಆದರೆ ಬರಿಮುಖಕ್ಕೆ ಸುಮಾರು 5 ಡಿಗ್ರಿಯ ಚಳಿ ತಟ್ಟಿದಂತೆ. ಹವೆ ಸೊನ್ನೆ ಡಿಗ್ರಿ ಇದ್ದರೆ ಮೈನಸ್ 9ರ ಹತ್ತಿರ.

ಈ ಲೆಕ್ಕದಲ್ಲಿ ಒಂದು ಸ್ವಾರಸ್ಯ. 10 ಡಿಗ್ರಿಯಲ್ಲಿ ವೇಗ 40 ಇದ್ದಾಗ ತಟ್ಟುವ ಚಳಿ 6, ವೇಗ 80ಕ್ಕೆ ಏರಿದರೆ ನಾಲ್ಕೂವರೆ. ಬರಿಚರ್ಮಕ್ಕೆ ಮೊದಲ 40 ಕಿಲೋಮೀಟರ್ ಮಾಡಿದಷ್ಟು ಹಾನಿಯನ್ನು ನಂತರದ 40 ಮಾಡುವುದಿಲ್ಲ. ಹಾಗಾದರೆ ನಿಧಾನವಾಗಿ ಹೋದರೆ ಚಳಿ ಕಡಿಮೆಯಾಗದೇ? ಸ್ವೆಟರ್ ಹಾಕಿದವನಿಗೆ ಖಂಡಿತ ಕಡಿಮೆಯಾಗುತ್ತದೆ, ಮೇಲೆ ಹೇಳಿದ ನಾಲ್ಕು ಪಟ್ಟು ಒತ್ತಡದ ಕಾರಣಕ್ಕೆ. ಗಾಳಿ ತೂರದ ಕೋಟು ಹಾಕಿದವನಿಗೆ ಮಾತ್ರ ವೇಗದ ಪ್ರಶ್ನೆ ಅಷ್ಟು ಕಾಡುವುದಿಲ್ಲ. ಇನ್ನೊಂದು ಮಾತು, ಕೆಲವರು ತಪ್ಪು ತಿಳಿಯುತ್ತಾರೆ: ಗಾಳಿ ಯಾವ ಒಣ ವಸ್ತುವನ್ನೂ ಹವೆಗಿಂತ ಕೆಳಕ್ಕೆ ತಣಿಸಲಾರದು. ಹವೆ 5 ಡಿಗ್ರಿ ಇದ್ದರೆ ನೀವು ನೂರರಲ್ಲಿ ಹೋದರೂ ಪೆಟ್ರೋಲ್ ಟ್ಯಾಂಕಿನ ಮೇಲಿನ ಒಣ ಕಬ್ಬಿಣ 5 ಡಿಗ್ರಿಯಲ್ಲೇ ನಿಲ್ಲುತ್ತದೆ. ಗಾಳಿ ಮಾಡುವುದು ಶಾಖವನ್ನು ಬೇಗ ಬೇಗ ಕಿತ್ತುಕೊಂಡು ಹೋಗುವ ಕೆಲಸ. ಅದು ನೋವಾಗುವುದು ಒಳಗೆ 37 ಡಿಗ್ರಿ ಕಾಪಾಡಿಕೊಳ್ಳಬೇಕಾದ ನಿಮಗೆ, ಟ್ಯಾಂಕಿಗಲ್ಲ.

ಇನ್ನು ಬೆರಳು. ನೀವು ಗ್ಲೌಸನ್ನು ದೂರುತ್ತೀರಿ, ನಾನು ಎದೆಯನ್ನು ದೂರುತ್ತೇನೆ. ಮೈ ತಣ್ಣಗಾಗುತ್ತಾ ಬಂದರೆ ದೇಹ ಮೊದಲು ಉಳಿಸಿಕೊಳ್ಳುವುದು ಹೃದಯ, ಮಿದುಳು, ಕರುಳನ್ನು. ಅದಕ್ಕಾಗಿ ಕೈಕಾಲಿನ ತುದಿಗಳಿಗೆ ಹೋಗುವ ರಕ್ತನಾಳಗಳನ್ನು ಬಿಗಿದು ರಕ್ತವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೆರಳಿಗೆ ತನ್ನದೇ ಆದ ಒಲೆಯಿಲ್ಲ. ಅದನ್ನು ಅಲ್ಲಾಡಿಸುವ ದೊಡ್ಡ ಸ್ನಾಯುಗಳೆಲ್ಲ ಮುಂಗೈಯಲ್ಲಿವೆ, ಬೆರಳಿನಲ್ಲಿರುವುದು ಎಲುಬು, ನರ, ಚರ್ಮ. ಬಿಸಿರಕ್ತ ಬಂದರೆ ಬೆಚ್ಚಗೆ, ಬರದಿದ್ದರೆ ತಣ್ಣಗೆ. ಗ್ಲೌಸ್ ಬಂದ ಶಾಖವನ್ನು ಕಾಯಬಲ್ಲದೇ ಹೊರತು ಹುಟ್ಟಿಸಲಾರದು. ಕೆನಡಾದ ಸೇನಾ ಸಂಶೋಧಕರು ಮೈನಸ್ 15 ಡಿಗ್ರಿಯಲ್ಲಿ ಜನರನ್ನು ಬರಿಗೈಯಲ್ಲಿ ಕೂರಿಸಿ, ಎದೆಹೊಟ್ಟೆಯನ್ನು ಮಾತ್ರ ವಿದ್ಯುತ್ತಿನ ಅಂಗಿಯಿಂದ ಬೆಚ್ಚಗಿಟ್ಟು ನೋಡಿದರು. ಗ್ಲೌಸೇ ಇಲ್ಲದ ಬೆರಳುಗಳು ಕೆಲಸ ಮಾಡುವಷ್ಟು ಬೆಚ್ಚಗೆ ಉಳಿದವು. ಆಲೂರಿನ ಹತ್ತಿರ ನಿಮ್ಮ ಎದೆ ನಡುಗುವುದೂ ಬೆರಳು ಮರಗಟ್ಟುವುದೂ ಒಟ್ಟೊಟ್ಟಿಗೆ ಆಗುವುದು ಕಾಕತಾಳೀಯವಲ್ಲ. ರೇನ್‌ಕೋಟ್ ಹಾಕಿದ ದಿನ ಅದೇ ಹಳೇ ಗ್ಲೌಸಿನಲ್ಲೇ ಬೆರಳು ಎಷ್ಟೋ ವಾಸಿ ಅನ್ನಿಸುತ್ತದೆ.

ಅಷ್ಟಾದ ಮೇಲೆ ಗ್ಲೌಸ್. ನಿಮ್ಮ ಉಲ್ಲನ್ ಗ್ಲೌಸಿಗೂ ಸ್ವೆಟರಿನ ಕಾಯಿಲೆಯೇ, ಅದರ ಮೇಲೆ ಗಾಳಿ ತೂರದ್ದೊಂದು ಬೇಕು. ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಚರ್ಮದ, ಒಳಗೆ ಅಸ್ತರಿ ಇರುವ, ಮಣಿಕಟ್ಟು ದಾಟಿ ಕೋಟಿನ ತೋಳಿನ ಮೇಲೆ ಬರುವಷ್ಟು ಉದ್ದದ ಗ್ಲೌಸ್ ತೆಗೆದುಕೊಳ್ಳಿ. ಬಿದ್ದರೆ ಅಂಗೈ ಉಳಿಸುವುದೂ ಅದೇ. ಇಲ್ಲವಾದರೆ ಉಲ್ಲನ್ ಗ್ಲೌಸಿನ ಮೇಲೆ ಪಾತ್ರೆ ತೊಳೆಯುವ ದೊಡ್ಡ ಅಳತೆಯ ರಬ್ಬರ್ ಗ್ಲೌಸ್ ಎಳೆದುಕೊಂಡರೂ ನಡೆಯುತ್ತದೆ. ಚಂದ ಕಾಣುವುದಿಲ್ಲ, ಕತ್ತಲಲ್ಲಿ ಯಾರು ನೋಡುತ್ತಾರೆ? ಹಿಡಿತ ಜಾರುತ್ತದೆಯೇ ಎಂದು ಮೊದಲು ಮನೆ ಮುಂದೆಯೇ ಲಿವರ್ ಒತ್ತಿ ನೋಡಿ. ಎರಡು ಪದರ ಸೇರಿ ಬಿಗಿಯಾಗಬಾರದು, ಏಕೆಂದರೆ ಬಿಗಿಯಾದ ಗ್ಲೌಸ್ ಇರುವ ಅಲ್ಪ ರಕ್ತವನ್ನೂ ತಡೆಯುತ್ತದೆ. ಕಾಲುಚೀಲಕ್ಕೂ ಈ ಮಾತು ಅನ್ವಯ. ಬಿಗಿ ಶೂನೊಳಗೆ ಎರಡು ಜೊತೆ ಸಾಕ್ಸ್ ತುರುಕುವುದಕ್ಕಿಂತ ಸಡಿಲ ಶೂನಲ್ಲಿ ಒಂದೇ ಜೊತೆ ಮೇಲು.

ಇನ್ನೂ ಒಳ್ಳೆಯದು ಹ್ಯಾಂಡಲ್‌ಗೇ ಚೀಲ ಹಾಕುವುದು. ಉತ್ತರ ಭಾರತದ ಊರುಗಳಲ್ಲಿ ಚಳಿಗಾಲ ಬಂದರೆ ಸ್ಕೂಟರಿನ ಎರಡು ಹಿಡಿಗೂ ಲಿವರ್ ಸಮೇತ ರೆಕ್ಸಿನ್ ಕವರ್ ತೊಡಿಸಿರುತ್ತಾರೆ, ಕೈಯನ್ನು ಅದರೊಳಗೆ ತೂರಿಸಿಕೊಂಡು ಓಡಿಸುವುದು. ಚೀನಾದ ನಗರಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಸ್ಕೂಟರಿನ ಮುಂಭಾಗಕ್ಕೆ ರಜಾಯಿಯನ್ನೇ ಕಟ್ಟಿ, ಕೈಕಾಲು ಎದೆ ಎಲ್ಲವನ್ನೂ ಅದರ ಹಿಂದೆ ಅಡಗಿಸಿಕೊಂಡು ಹೋಗುತ್ತಾರೆ. ನಮ್ಮ ಕಡೆ ಸೀಟ್ ಕವರ್ ಹೊಲಿಯುವವರಿಗೆ ಹೇಳಿದರೆ ಹ್ಯಾಂಡಲ್ ಕವರನ್ನು ಒಂದು ಮಧ್ಯಾಹ್ನದಲ್ಲಿ ಹೊಲಿದುಕೊಡುತ್ತಾರೆ. ಬಾಯಿ ಅಗಲವಿರಲಿ, ಕೈ ಸರಕ್ಕನೆ ಹೊರಬರಬೇಕು, ಇಂಡಿಕೇಟರ್ ಸ್ವಿಚ್ ಬೆರಳಿಗೆ ಸಿಗಬೇಕು, ಬಟ್ಟೆ ಬ್ರೇಕ್ ಲಿವರನ್ನು ಒತ್ತಬಾರದು. ವಿದ್ಯುತ್ತಿನಿಂದ ಬಿಸಿಯಾಗುವ ಹಿಡಿಗಳೂ ಬಿಸಿ ಜಾಕೆಟ್‌ಗಳೂ ಸಿಗುತ್ತವೆ, ದೊಡ್ಡ ಬೈಕಿನವರಿಗೆ ಅವು ಸುಖ. ಆದರೆ 100 ಸಿಸಿ ಗಾಡಿ ತಯಾರಿಸುವ ವಿದ್ಯುತ್ತು ಹೆಡ್‌ಲೈಟ್, ಹಾರನ್ನಿಗೆ ಲೆಕ್ಕ ಹಾಕಿದ್ದು. ಅದರ ಮೇಲೆ ಇನ್ನೊಂದು ಹೆಡ್‌ಲೈಟಿನಷ್ಟು ಭಾರ ಹೇರಿದರೆ ಬ್ಯಾಟರಿ ಕೈಕೊಡುತ್ತದೆ. ನಿಮಗೆ ಬೇಡ.

ದಾರಿಯಲ್ಲಿ ಬೆರಳು ಮರಗಟ್ಟಿಯೇ ಬಿಟ್ಟರೆ ಗಾಡಿ ನಿಲ್ಲಿಸಿ, ತೋಳನ್ನು ಭುಜದಿಂದ ಗಿರಗಿರನೆ ಸುತ್ತಿಸಿ. ರಕ್ತ ತುದಿಗೆ ನುಗ್ಗುತ್ತದೆ. ಇಲ್ಲವೇ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ಎಷ್ಟೋ ಜನ ಮಾಡುವ ಹಾಗೆ ಎಂಜಿನ್ನಿಗೋ ಸೈಲೆನ್ಸರಿಗೋ ಬರಿಗೈ ಒತ್ತಬೇಡಿ. ಮರಗಟ್ಟಿದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ, ಬೊಬ್ಬೆ ಎದ್ದ ಮೇಲೆ ತಿಳಿಯುತ್ತದೆ. ಮತ್ತೆ, ಬೆರಳುಗಳು ಬರೀ ತಣ್ಣಗಾಗದೆ ಒಂದು ಗೆರೆಯವರೆಗೆ ಕಾಗದದ ಹಾಗೆ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಬಿಸಿಯಾಗುವಾಗ ಕೆಂಪೇರಿ ಉರಿಯುತ್ತಿದ್ದರೆ ಅದು ಬೇರೆ ವಿಷಯ. 1862ರಲ್ಲಿ ಮೊರೀಸ್ ರೇನೋ ಎಂಬ ಫ್ರೆಂಚ್ ವೈದ್ಯ ಗುರುತಿಸಿದ ತೊಂದರೆ ಅದು, ಅವನ ಹೆಸರಿನಲ್ಲೇ ಕರೆಯುತ್ತಾರೆ. ಡಾಕ್ಟರಿಗೆ ತೋರಿಸಿ. ಸಿಗರೇಟು ಸೇದುವವರಾದರೆ ಅದನ್ನೂ ಹೇಳಿ, ಏಕೆಂದರೆ ನಿಕೋಟಿನ್ ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ.

ಮಂಕಿ ಕ್ಯಾಪಿನ ಬಗ್ಗೆ ಒಂದು ತಕರಾರು. ದಪ್ಪ ಉಲ್ಲನ್ ಕ್ಯಾಪಿನ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಬಿದ್ದಾಗ ಜಾರಿಬಿಡುತ್ತದೆ. ತಲೆಗೆ ಅದು ಬೇಕಾಗಿಯೂ ಇಲ್ಲ. ಮೈಶಾಖದ ಅರ್ಧ ತಲೆಯಿಂದ ಹೋಗುತ್ತದೆ ಎಂಬ ಮಾತು ಬಹಳ ಚಲಾವಣೆಯಲ್ಲಿದೆ, ಆದರೆ ತಲೆ ಇರುವುದೇ ಮೈಚರ್ಮದ ಹತ್ತನೇ ಒಂದು ಭಾಗ, ಅಲ್ಲಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟಿನೊಳಗೆ ತೆಳು ಬಟ್ಟೆಯ ಮುಖಗವಸು ಸಾಕು. ನಿಮ್ಮ ನಿಜವಾದ ಬಾಗಿಲು ಕುತ್ತಿಗೆ. ಕೋಟಿನ ಕಾಲರಿಗೂ ಹೆಲ್ಮೆಟ್ಟಿಗೂ ನಡುವಿನ ಸಂದಿಯಿಂದ ನುಗ್ಗಿದ ಗಾಳಿ ನೇರ ಎದೆಗಿಳಿಯುತ್ತದೆ, ರೇನ್‌ಕೋಟಿನ ಲಾಭವನ್ನೆಲ್ಲ ಕಳೆಯುತ್ತದೆ. ಮಫ್ಲರ್ ಸುತ್ತಿ, ತುದಿಗಳನ್ನು ಒಳಗೆ ಸಿಕ್ಕಿಸಿ. ಹೊರಗೆ ಹಾರಾಡಲು ಬಿಡಬೇಡಿ. ಉಸಿರಿನಿಂದ ಗಾಜು ಮಸುಕಾದರೆ ಒಂದು ಬೆರಳಿನಷ್ಟು ಎತ್ತಿಕೊಳ್ಳಿ. ಹಿಂದಿನ ರಾತ್ರಿ ಒಳಬದಿಗೆ ಒಂದು ಹನಿ ಸೋಪುನೀರು ಸವರಿ ಮೆತ್ತನೆಯ ಬಟ್ಟೆಯಿಂದ ಒರೆಸಿಟ್ಟರೆ ಮಂಜು ಅಷ್ಟು ಬೇಗ ಕಟ್ಟುವುದಿಲ್ಲ.

ಹೊರಡುವ ಮುಂಚೆ ಕಾಫಿ ಕುಡಿದರೆ ಬೆಚ್ಚಗಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಲೆಕ್ಕ ಹಾಕೋಣ. 60 ಡಿಗ್ರಿ ಬಿಸಿಯ 150 ಮಿಲಿಲೀಟರ್ ಕಾಫಿ ಹೊಟ್ಟೆಯಲ್ಲಿ 37 ಡಿಗ್ರಿಗೆ ಇಳಿಯುವಾಗ ಬಿಟ್ಟುಕೊಡುವ ಶಾಖ ಸುಮಾರು ಮೂರೂವರೆ ಕಿಲೋ ಕ್ಯಾಲರಿ. ನಿಮ್ಮ ಮೈ ತಾನೇ ಎರಡೂವರೆ ನಿಮಿಷದಲ್ಲಿ ಹುಟ್ಟಿಸುವಷ್ಟು. ಬೈರಾಪುರ ಬರುವ ಮುಂಚೆಯೇ ಖರ್ಚಾಗಿರುತ್ತದೆ. ಕಾಫಿ ಬೇಡ ಎನ್ನಲು ನನಗೆ ಧೈರ್ಯವಿಲ್ಲ, ಅದೂ ಸಕಲೇಶಪುರದವರಿಗೆ! ಆದರೆ ಜೊತೆಗೆ ಎರಡು ರೊಟ್ಟಿ ತಿನ್ನಿ, ಮುಕ್ಕಾಲು ಗಂಟೆ ಒಲೆ ಉರಿಸುವುದು ಅದು. ಚಳಿಗೆಂದು ‘ಒಂದು ಪೆಗ್’ ಹಾಕುವವರ ವಿಷಯ ತದ್ವಿರುದ್ಧ. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲಿಸುತ್ತದೆ, ಒಳಗಿನ ಬಿಸಿರಕ್ತ ಹೊರಗೆ ಬಂದು ಮುಖ ಬೆಚ್ಚಗೆನಿಸುತ್ತದೆ, ಆ ಬಿಸಿಯನ್ನೆಲ್ಲ ಗಾಳಿ ಒಯ್ಯುತ್ತದೆ. ಗಾಡಿ ಓಡಿಸುವವನಿಗೆ ಅದು ಹೇಗೂ ನಿಷಿದ್ಧ. ಚಳಿಯಲ್ಲಿ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದಕ್ಕೆ ಕಾಫಿಯೊಂದೇ ಕಾರಣವಲ್ಲ. ಕೈಕಾಲಿನ ರಕ್ತ ಒಳಕ್ಕೆ ಸರಿದಾಗ ಮೂತ್ರಪಿಂಡಗಳು ನೀರು ಜಾಸ್ತಿಯಾಯಿತೆಂದು ಭಾವಿಸಿ ಹೊರಗೆ ಹಾಕುತ್ತವೆ.

ನಿಮ್ಮ ಮನೆಯವರ ಮಾತಿಗೆ ಬರೋಣ. ಅವರು ಸುಳ್ಳು ಹೇಳುತ್ತಿಲ್ಲ, ನಿಮಗಿಂತ ಗಟ್ಟಿಯವರೆಂದೂ ಅಲ್ಲ. ಅವರ ಮುಂದೆ ಗೋಡೆಯಾಗಿ ನೀವಿದ್ದೀರಿ. ಎದುರುಗಾಳಿ ನಿಮ್ಮ ಎದೆಗೆ ಬಡಿದು ಎರಡೂ ಪಕ್ಕಕ್ಕೆ ಸೀಳಿಹೋಗುತ್ತದೆ, ಬೆನ್ನ ಹಿಂದೆ ಕೂತವರಿಗೆ ಅದರ ಚೂರುಪಾರು ಮಾತ್ರ. ಸ್ಕೂಟರ್ ಸವಾರರ ಕಾಲಿಗೂ ಇಂಥದೇ ಭಾಗ್ಯ. 1946ರಲ್ಲಿ ಇಟಲಿಯ ವೆಸ್ಪಾವನ್ನು ರೂಪಿಸಿದ ಕೊರಾದಿನೊ ದಸ್ಕಾನಿಯೊ ವಿಮಾನದ ಎಂಜಿನಿಯರ್, ಅವನಿಗೆ ಮೋಟಾರ್‌ಬೈಕ್ ಕಂಡರೆ ಆಗುತ್ತಿರಲಿಲ್ಲ. ಸವಾರನ ಬಟ್ಟೆಗೆ ಕೊಳೆ ಹಾರಬಾರದು, ಗಾಳಿ ಬಡಿಯಬಾರದು ಎಂದು ಮುಂದೆ ತಗಡಿನ ಮರೆ ಇಟ್ಟ. ಬೈಕಿನಲ್ಲಿ ಆ ಮರೆ ಇಲ್ಲ. ಮಂಡಿಯ ಮೇಲೆ ಮಾಂಸವೂ ಇಲ್ಲ, ಅದು ಗಾಳಿಗೆ ಮೊದಲು ಸಿಗುವ ಎಲುಬು. ರೇನ್‌ಕೋಟಿನ ಪ್ಯಾಂಟನ್ನೂ ಹಾಕಿ ಎಂದದ್ದು ಅದಕ್ಕೇ.

ಆದರೆ ಮಗಳನ್ನು ಎಲ್ಲಿ ಕೂರಿಸುತ್ತೀರಿ ಎಂದು ನೀವು ಬರೆದಿಲ್ಲ. ಟ್ಯಾಂಕಿನ ಮೇಲೆ, ನಿಮ್ಮ ಮುಂದೆ ಎಂದಾದರೆ ಈ ಇಡೀ ಬರಹದಲ್ಲಿ ನೀವು ಮರೆಯದೆ ಓದಬೇಕಾದ ಸಾಲು ಇದು: ಗೋಡೆಯ ಕೆಲಸವನ್ನು ಆ ಮಗು ಮಾಡುತ್ತಿದೆ. ಚಿಕ್ಕ ಮೈಗೆ ತೂಕ ಕಡಿಮೆ, ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ. ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ‘ಮಗು ಸುಮ್ಮನೆ ಕೂತಿದೆ’ ಎಂದು ಅಪ್ಪಂದಿರು ಸಮಾಧಾನ ಪಡುವಾಗ ಅದು ಚಳಿಗೆ ಮುದುಡಿ ಸುಮ್ಮನಾಗಿರಬಹುದು. ಹಿಂದೆ, ನಿಮ್ಮ ಬೆನ್ನಿಗೆ ಅಂಟಿಕೊಂಡು, ನಿಮ್ಮಿಬ್ಬರ ನಡುವೆ ಕೂರಿಸಿ ಎಂದರೆ ಮೂವರ ಸವಾರಿಯ ದಂಡದ ಮಾತು ಬರುತ್ತದೆ, ಅದು ಬೇರೆ. ಕಾನೂನಿನ ಮಾತೇ ಬಂತಾದ್ದರಿಂದ: ನಾಲ್ಕು ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯುವಾಗ ಮಗುವಿಗೆ ಹೆಲ್ಮೆಟ್, ಸವಾರನಿಗೆ ಕಟ್ಟಿಕೊಳ್ಳುವ ಪಟ್ಟಿ ಇರಬೇಕು, ವೇಗ 40 ದಾಟಬಾರದು ಎಂದು ಕೇಂದ್ರ ಸರ್ಕಾರ 2022ರಲ್ಲಿ ನಿಯಮ ತಂದಿದೆ. ಚಳಿಗಾಲದ ಬೆಳಗಿಗೆ ನನ್ನ ಸಲಹೆ ಇನ್ನೂ ಸರಳ. ಮಾವನ ಮನೆಗೆ ಬಿಸಿಲೇರಿದ ಮೇಲೆ ಹೊರಡಿ, ಇಲ್ಲವೇ ಅವತ್ತಿಗೆ ಬಸ್ಸು ಹತ್ತಿ.

ಲೇಹ್‌ನ ವಿಷಯದಲ್ಲಿ ನೀವು ಹೆದರಬೇಕಾದಷ್ಟೇನಿಲ್ಲ. ಚಳಿಗೆಂದೇ ಬೈಕ್ ಹತ್ತುವವರೂ ಇದ್ದಾರೆ: ಜರ್ಮನಿಯಲ್ಲಿ 1956ರಿಂದ ನಡೆಯುತ್ತಾ ಬಂದಿರುವ ‘ಆನೆಗಳ ಕೂಟ’ ಎಂಬ ಬೈಕ್ ಜಾತ್ರೆಗೆ ಸವಾರರು ಬವೇರಿಯಾದ ಕಾಡಿಗೆ ಬಂದು ಸೇರುವುದು ನಟ್ಟನಡು ಚಳಿಗಾಲದಲ್ಲಿ, ಹಿಮದ ಮೇಲೆ ಹುಲ್ಲು ಹಾಸಿ, ಡೇರೆ ಹೂಡಿ, ಬೆಂಕಿ ಕಾಯಿಸುತ್ತಾ ಮಲಗುತ್ತಾರೆ. ಅದರ ಮುಂದೆ ಜೂನ್‌ನ ಲಡಾಖ್ ಸೌಮ್ಯವೇ. ಆದರೂ ಲೆಕ್ಕ ಗೊತ್ತಿರಲಿ. ಸಾವಿರ ಮೀಟರ್ ಏರಿದರೆ ಹವೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮನಾಲಿ ಇರುವುದು ಸುಮಾರು 2,050 ಮೀಟರಿನಲ್ಲಿ, ದಾರಿಯ ಅತಿ ಎತ್ತರದ ಘಾಟಿ ತಂಗ್‌ಲಾಂಗ್ ಲಾ 5,300 ಮೀಟರ್ ಮೀರಿದೆ. ಮನಾಲಿಯಲ್ಲಿ 20 ಡಿಗ್ರಿ ಇದ್ದ ಹೊತ್ತಿಗೆ ಮೇಲೆ ಸೊನ್ನೆಯ ಆಸುಪಾಸು. ಅಲ್ಲಿ 40ರಲ್ಲಿ ಹೋದರೆ ಮುಖಕ್ಕೆ ಮೈನಸ್ 7ರ ಚಳಿ. ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಮೇಲೆ. ಆಮ್ಲಜನಕವೂ ಅಷ್ಟೇ. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಘಾಟಿ ಹತ್ತುವ ಕಷ್ಟ ತಪ್ಪಿದೆ, ಬಾರಾಲಾಚಾ ಲಾ ಘಾಟಿ ತಪ್ಪಿಲ್ಲ.

ಬಟ್ಟೆ ಸಕಲೇಶಪುರದ್ದೇ, ಒಂದು ಪದರ ಜಾಸ್ತಿ. ಮೈಗೆ ಅಂಟುವ ಬನಿಯನ್ ಮಾತ್ರ ಹತ್ತಿಯದು ಬೇಡ. ಹತ್ತಿ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ತೆಳು ಉಣ್ಣೆಯದೋ ಸಿಂಥೆಟಿಕ್‌ನದೋ ಇರಲಿ. ಚಳಿ ಹತ್ತಿದ ಮೇಲೆ ಕೋಟು ಹಾಕುವುದಲ್ಲ, ಘಾಟಿ ಹತ್ತುವ ಮುಂಚೆ, ಬಿಸಿಲಿನಲ್ಲಿ ಇನ್ನೂ ಬೆಚ್ಚಗಿರುವಾಗಲೇ ಹಾಕಿಕೊಳ್ಳಿ. ಗುಂಪಿನಲ್ಲಿ ಒಬ್ಬರ ಮೇಲೊಬ್ಬರು ಕಣ್ಣಿಡಿ. ನಡುಗುವುದು ಒಳ್ಳೆಯ ಲಕ್ಷಣ, ಮೈ ಇನ್ನೂ ಹೋರಾಡುತ್ತಿದೆ ಎಂದರ್ಥ. ನಡುಗುತ್ತಿದ್ದವನು ನಡುಗುವುದು ನಿಲ್ಲಿಸಿ, ಮಾತು ತೊದಲಿ, ಗುಂಡಿ ಹಾಕಲೂ ತಡಕಾಡುತ್ತಿದ್ದರೆ ಅವನ ಒಳಶಾಖ 35 ಡಿಗ್ರಿಗಿಂತ ಕೆಳಗಿಳಿದು ಇನ್ನೂ ಇಳಿಯುತ್ತಿದೆ ಎಂದು ತಿಳಿಯಿರಿ. ‘ಇನ್ನು ಹತ್ತು ಕಿಲೋಮೀಟರ್ ಅಷ್ಟೇ’ ಎಂದು ಅವನೇ ಹೇಳಿದರೂ ಕೇಳಬೇಡಿ. ಗಾಳಿ ಬಡಿಯದ ಜಾಗಕ್ಕೆ ಕರೆದೊಯ್ದು, ಒದ್ದೆ ಬಟ್ಟೆ ಬಿಚ್ಚಿ, ಒಣಗಿದ್ದು ಹೊದಿಸಿ, ನುಂಗುವಷ್ಟು ಎಚ್ಚರವಿದ್ದರೆ ಸಕ್ಕರೆ ಹಾಕಿದ ಬಿಸಿ ಚಹಾ ಕೊಡಿ, ಹತ್ತಿರದ ಸೇನಾ ಠಾಣೆಯನ್ನೋ ಆಸ್ಪತ್ರೆಯನ್ನೋ ಹುಡುಕಿ.

ಆ ದಾರಿಯಲ್ಲಿ ಚಳಿಗೆ ಸಿಕ್ಕಿಬೀಳುವುದು ಘಾಟಿಯ ನೆತ್ತಿಯಲ್ಲಷ್ಟೇ ಅಲ್ಲ, ರಸ್ತೆಗೆ ಅಡ್ಡ ಹರಿಯುವ ಹಿಮನೀರಿನ ತೊರೆಗಳಲ್ಲೂ. ಶೂ ತುಂಬಾ ನೀರಾದ ಮೇಲೆ ಉಳಿದ ದಿನವೆಲ್ಲ ಪಾದ ಬೆಚ್ಚಗಾಗುವುದೇ ಇಲ್ಲ. ಸಾಕ್ಸಿನ ಮೇಲೆ ಒಂದೊಂದು ಗಟ್ಟಿ ಪ್ಲಾಸ್ಟಿಕ್ ಚೀಲ ಎಳೆದುಕೊಂಡು ಆಮೇಲೆ ಶೂ ಹಾಕಿ, ಅಥವಾ ನಿಮ್ಮ ಊರಿನ ತೋಟದವರು ಹಾಕುವ ಗಮ್‌ಬೂಟನ್ನೇ ಒಯ್ಯಿರಿ. ಒಣ ಸಾಕ್ಸ್ ಒಂದು ಜೊತೆ ಬೇರೆಯೇ ಕವರಿನಲ್ಲಿರಲಿ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ತೊರೆಯ ನೀರು ಏರುತ್ತದೆ. ದಾಟುವುದನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ.